ಸುಟ್ಟು ನಾಶಪಡಿಸಲಾಗಿದೆ

ನಾವು ಪ್ರತಿ ಮರಕ್ಕೂ ತುಂಬುತ್ತಿದ್ದ ಫಾರಂನ ಕಡೆಯ ಸಾಲು ‘ಕತ್ತರಿಸಿದ ಕೊಂಬೆಗಳ ವಿಲೇವಾರಿ’. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಒಂದು ಮಳೆಮರದ ಫಾರಂನಲ್ಲಿ ಆ ಸಾಲಿನ ಮುಂದೆ ನಾನು ‘ಸುಟ್ಟು ನಾಶಪಡಿಸಲಾಗಿದೆ’ ಎಂದು ಬರೆದೆ. ಸುಟ್ಟಿದ್ದನ್ನು ನಾನು ನೋಡಿರಲಿಲ್ಲ. ಆದರೂ ಬರೆಯುವಾಗ ಕೈ ಒಂದಿಷ್ಟೂ ತಡೆಯಲಿಲ್ಲ. ಶಿಡ್ಲಘಟ್ಟದಲ್ಲಿ ಕಡಿದ ಕೊಂಬೆ ಒಲೆಗಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಊರು ಅದು. ರಸ್ತೆ ಬದಿಯಲ್ಲಿ ಕೊಂಬೆ ನೆಲಕ್ಕೆ ಬೀಳುವಷ್ಟರಲ್ಲಿ ನೂಲು ತೆಗೆಸುವವರು, ಅಲ್ಲಿನ ಮಾತಿನಲ್ಲಿ ರೀಲರ್‌ಗಳು, ಯಾರಾದರೊಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿರುತ್ತಾರೆ. ಲಾಗಾಯ್ತಿನಿಂದ ನಡೆದುಬಂದ ರೂಢಿ. ಕೇಳುವವರೂ ಇಲ್ಲ, ಬೇಡ ಅನ್ನುವವರೂ ಇಲ್ಲ.

ಆ ವರ್ಷ ನಮ್ಮ ತಂಡಕ್ಕೆ ಒಪ್ಪಿಸಿದ್ದ ಕೆಲಸವೇ ಬೇರೆ ತರಹದ್ದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳ ಬೀದಿ ಮರ, ಶಾಲೆಯಂಗಳದ ಮರ, ಕೆರೆ ಏರಿಯ ಮರಗಳನ್ನೆಲ್ಲ ನೋಡಿ, ಹೊರದೇಶದಿಂದ ಬರಬಹುದಾದ ಒಂದು ಕೊರಕ ದುಂಬಿಗೆ ಯಾವುವು ಮೊದಲು ತುತ್ತಾಗುತ್ತವೆ ಎಂದು ಗುರುತು ಹಾಕಿಡುವುದು. ಬಂದ ಮೇಲೆ ಬಾಯಿ ಬಡಿದುಕೊಳ್ಳುವ ಬದಲು ಬರುವ ಮುಂಚೆ ಬಾಗಿಲು ನೋಡಿಕೊಳ್ಳುವ ಕೆಲಸ ಅಂತ ನಾನು ಜನಕ್ಕೆ ಹೇಳುತ್ತಿದ್ದೆ.

ದುಂಬಿ ಎಳ್ಳುಕಾಳಿನಷ್ಟೂ ಇಲ್ಲ. ಅದು ಮರ ತಿನ್ನುವುದೂ ಇಲ್ಲ. ಒಳಗೆ ಸುರಂಗ ಕೊರೆದು, ಹೊತ್ತು ತಂದ ಬೂಷ್ಟನ್ನು ಆ ಗೋಡೆಗೆ ಬಿತ್ತಿ ಬೆಳೆದು, ಆ ಬೆಳೆ ತಿಂದು ಸಂಸಾರ ಮಾಡುತ್ತದೆ. ಒಕ್ಕಲುತನ ಮಾಡುವ ಹುಳ. ಆ ಬೂಷ್ಟು ಮರದ ನೀರಿನ ದಾರಿಯನ್ನು ಕಟ್ಟಿಹಾಕಿಬಿಡುತ್ತದೆ. ಹೊರಗೆ ನಮಗೆ ಕಾಣುವುದು ಬಾಲ್‌ಪೆನ್ನಿನ ಮೊನೆ ಹಿಡಿಯುವಷ್ಟು ತೂತು, ಅದರ ಬಾಯಲ್ಲಿ ಶಾವಿಗೆ ಎಳೆಯಂತೆ ಚಾಚಿಕೊಂಡ ಮರದ ಪುಡಿ, ಅಷ್ಟೇ. ಗಾಳಿ ಬೀಸಿದರೆ ಆ ಪುಡಿಯೂ ಉದುರಿಹೋಗುತ್ತದೆ. ಬಸುರಿ ಹೆಣ್ಣೊಂದು ಹೊರಗೆ ಹಾರಿದರೆ ಸಾಕು, ಮುಂದಿನ ಮರಕ್ಕೆ ಅದೇ ಮೂಲ.

ಶಿಡ್ಲಘಟ್ಟದ ಸುತ್ತ ಔಷಧಿ ಸಿಂಪಡಿಸುವ ಮಾತನ್ನೇ ಎತ್ತುವಂತಿಲ್ಲ. ಎತ್ತ ನೋಡಿದರೂ ಹಿಪ್ಪುನೇರಳೆ. ಗಾಳಿಯಲ್ಲಿ ತೇಲಿದ ಔಷಧಿ ಸೊಪ್ಪಿನ ಮೇಲೆ ಕೂತರೆ ರೇಷ್ಮೆ ಹುಳು ಸಾಕುವ ಮನೆಗಳು ಸ್ಮಶಾನವಾಗುತ್ತವೆ. ಆದ್ದರಿಂದ ನಮ್ಮ ಕೈಯಲ್ಲಿದ್ದದ್ದು ಇಷ್ಟೇ: ನೋಡುವುದು, ಅನುಮಾನ ಬಂದ ಕೊಂಬೆ ಕತ್ತರಿಸುವುದು, ಕತ್ತರಿಸಿದ್ದನ್ನು ಅಲ್ಲಿಂದ ಅಲುಗದಂತೆ ಕಾಯುವುದು. ಈ ಕಡೆಯದನ್ನು ಬಿಡಿಸಿ ಬಿಡಿಸಿ ಮೂರು ಊರುಗಳ ತೋಟದ ಮಾಲಿಗಳಿಗೆ ಪಾಠ ಮಾಡಿ ಬಂದವಳು ನಾನೇ.

ನನ್ನ ಜೊತೆ ಮರ ಹತ್ತುತ್ತಿದ್ದವರು ಮುರುಗಮಲ್ಲದ ಭಾಯಿ. ಅರವತ್ತು ದಾಟಿದ ಮನುಷ್ಯ. ಹಗ್ಗ ಬಿಗಿದು ಹೊರಟರೆ ಅಳಿಲಿಗೂ ನಾಚಿಕೆಯಾಗಬೇಕು. ನಾವಿಬ್ಬರೂ ಸೇರಿ ನೀರಿನ ಬಾಟಲಿಗೆ ಕಿಟಕಿ ಕೊಯ್ದು, ಒಳಗೆ ಸ್ಯಾನಿಟೈಸರ್ ನೆನೆಸಿದ ಬತ್ತಿ ಕಟ್ಟಿ, ತಳದಲ್ಲಿ ಸೋಪಿನ ನೀರು ಹಾಕಿ ಮರಗಳಿಗೆ ತೂಗುಬಿಡುತ್ತಿದ್ದೆವು. ಸೊರಗಿದ ಮರ ಅಂಥದೇ ವಾಸನೆ ಬಿಡುತ್ತದೆ. ದುಂಬಿ ಅದನ್ನೇ ಹುಡುಕಿಕೊಂಡು ಬರುತ್ತದೆ. ಟೀ ಅಂಗಡಿಯ ಮುಂದೆ ಕೂತವರು ನಗುತ್ತಿದ್ದರು.

“ಮರಕ್ಕೂ ಕುಡಿಸೋಕೆ ಶುರು ಮಾಡಿದ್ರಾ ಮೇಡಂ?”

ಭಾಯಿ ಮೇಲಿನಿಂದಲೇ ಉತ್ತರ ಕೊಡುತ್ತಿದ್ದರು: “ನೀವು ಬಿಟ್ಟ್ರೆ ತಾನೇ ಅದಕ್ಕೆ ಸಿಗೋದು?”

ಮುಂಗಾರಿಗೆ ಮುಂಚೆ, ಬಿರುಗಾಳಿಗೆ ಬೀಳಬಹುದಾದ ಕೊಂಬೆಗಳನ್ನು ಸವರುವಾಗ, ಚಿಂತಾಮಣಿ ರಸ್ತೆಯ ಆ ಮಳೆಮರದ ಒಂದು ಕೊಂಬೆಯಲ್ಲಿ ಭಾಯಿಗೆ ತೂತು ಕಂಡವು. ಕೊಂಬೆಯನ್ನು ಬುಡದಿಂದ ಕತ್ತರಿಸಿ ಇಳಿಸಿದರು. ನಾನು ಗೇಣುದ್ದದ ತುಂಡು ಕುಯ್ದು, ಎರಡು ಚೀಲದಲ್ಲಿ ಬಿಗಿದು, ಮೇಲೆ ಜಾಗ ಬರೆದು ಕೀಟ ತಜ್ಞರಿಗೆ ಕಳಿಸಿಕೊಟ್ಟೆ. ನಮ್ಮ ನೆಲದ್ದೇ ಇಂಥ ಕೊರಕಗಳು ಬೇಕಾದಷ್ಟಿವೆ. ಗೌರಿಬಿದನೂರಿನಿಂದ ಕಳಿಸಿದ್ದ ಮೂರು ತುಂಡುಗಳೂ ಏನಿಲ್ಲವೆಂದು ಬಂದಿದ್ದವು. ಇದೂ ಹಾಗೇ ಅಂದುಕೊಂಡೆ. ಉಳಿದ ಕೊಂಬೆಯನ್ನು ಟ್ರ್ಯಾಕ್ಟರ್ ತುಂಬಿಕೊಂಡು ಹೋಯಿತು. ಕೈ ಅಡ್ಡ ಹಿಡಿದು ನಿಲ್ಲಿಸಬೇಕಾಗಿದ್ದವಳು ನಾನು. ಬಿಸಿಲಿಗೆ ಸೆರಗು ಹೊದ್ದು, ರಸ್ತೆ ಖಾಲಿಯಾಯಿತಲ್ಲ ಎಂದು ಸಮಾಧಾನಪಟ್ಟೆ.

ಐದು ವಾರ ಕಳೆದ ಮೇಲೆ ತಜ್ಞರ ಫೋನ್ ಬಂತು. ಮೆತ್ತಗೆ ಮಾತಾಡುವ ಮನುಷ್ಯ.

“ಆ ಶಿಡ್ಲಘಟ್ಟದ ತುಂಡು ಯಾಕೋ ಅನುಮಾನ ಬರ್ತಿದೆ ಕಣಮ್ಮ. ಖಾತ್ರಿ ಮಾಡೋಕೆ ಇನ್ನೊಂದು ಪರೀಕ್ಷೆ ಆಗಬೇಕು, ಟೈಮ್ ಹಿಡಿಯುತ್ತೆ. ಮಿಕ್ಕ ಕೊಂಬೆ ಏನಾಯ್ತು?”

“ಸುಟ್ಟಾಯ್ತು ಸಾರ್. ರೀಲರ್‌ಗಳು ತಗೊಂಡ್ಹೋದ್ರು.”

“ಬದುಕಿದ್ವಿ ಬಿಡಿ. ಫಾರಂನಲ್ಲಿ ಹಾಗೇ ಬರೆದುಬಿಡಿ.”

ಬರೆದೆ. ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡದ್ದೂ ನೆನಪಿದೆ.

ಮಾರನೆಯ ವಾರ, ಆ ರಸ್ತೆಯ ಆಸುಪಾಸಿನ ದೊಡ್ಡ ಮರಗಳಿಗೆಲ್ಲ ಬಾಟಲಿ ಕಟ್ಟಬೇಕೆಂದು ಹೊರಟೆವು. ಊರೊಳಗೆ ಒಂದು ನೂಲಿನ ಮನೆಯ ಅಂಗಳದಲ್ಲಿ ಭಾರಿ ಮಳೆಮರವಿತ್ತು. ಅಂಗಳಕ್ಕೂ ತಗಡಿನ ಷೆಡ್ಡಿಗೂ ಒಂದೇ ಕೊಡೆ ಹಿಡಿದಂತೆ ಹರಡಿಕೊಂಡಿತ್ತು. ಷೆಡ್ಡಿನಲ್ಲಿ ಆರು ಮಂದಿ ಹೆಂಗಸರು ಕುದಿಯುವ ನೀರಿನ ತೊಟ್ಟಿಗಳ ಮುಂದೆ ಕೂತು, ತೇಲುವ ಗೂಡುಗಳಿಂದ ಎಳೆ ಹಿಡಿದು ತಿರುಗುವ ರಾಟೆಗೆ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆಯ ಕಸುಬನ್ನು ನಡೆಸುತ್ತಿದ್ದ ಅಮ್ಮ ಎದ್ದು ಬಂದರು. ಐವತ್ತೈದರ ಆಸುಪಾಸು, ನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

“ದಾನಿಕೇಮಿ, ಅದಕ್ಕೇನಂತೆ, ಬಾಟ್ಲಿ ತಾನೇ, ಕಟ್ಕೊಳ್ಳಮ್ಮ,” ಎಂದರು ತೆಲುಗು ಬೆರೆಸಿ. “ಆ ಸೌದೆ ಒಟ್ಟಿಲು ಮೇಲೆ ಕಾಲಿಡ್ಬೇಡಿ, ಜಾರುತ್ತೆ.”

ಮರದ ಬುಡಕ್ಕೆ ಆನಿಸಿ ಎದೆಯೆತ್ತರ ಒಟ್ಟಿದ್ದ ಸೌದೆಯನ್ನು ಆಗ ನೋಡಿದೆ. ಒಂದು ತುಂಡಿನ ಕೊನೆಯಲ್ಲಿ ನನ್ನದೇ ಗರಗಸದ ಗುರುತಿತ್ತು. ಗೇಣುದ್ದ ಕುಯ್ದುಕೊಂಡಿದ್ದ ಜಾಗ. ತೊಗಟೆಯ ತುಂಬ ಶಾವಿಗೆ ಎಳೆಗಳು. ಕೆಳಗೆ ನೆಲದ ಮೇಲೆ ಹುರಿಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ.

“ಅಮ್ಮಾ, ಇದನ್ನ ಇನ್ನೂ ಉರಿಸಿಲ್ವಾ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಹಸೀ ಸೌದೆ ಯಾರಾದ್ರೂ ನೂಲಿನ ಒಲೆಗೆ ಇಡ್ತಾರೇನಮ್ಮ? ನೀರು ಒಂದ್ಸಮ ಕಾಯಲ್ಲ. ಒಂದು ಗೂಡು ಬೆಂದಿರುತ್ತೆ, ಇನ್ನೊಂದು ಬೆಂದಿರಲ್ಲ. ದಾರ ತುಂಡುತುಂಡು. ಮೂರು ತಿಂಗಳಾದ್ರೂ ಒಣಗ್ಬೇಡ್ವಾ? ನಿಮ್ದು ಯಾವೂರು?”

“ಮುದ್ದೇನಹಳ್ಳಿ ಹತ್ರ.”

“ಅದಕ್ಕೇ. ದ್ರಾಕ್ಷಿ ಕಡೆಯೋರು,” ಎಂದು ಒಳಗಿನ ಹೆಂಗಸರತ್ತ ತಿರುಗಿದರು. “ಕೇಳಿದ್ರೇನ್ರೇ, ಹಸೀ ಸೌದೆ ಉರಿಸ್ಬೇಕಂತೆ!” ಷೆಡ್ಡೆಲ್ಲ ನಕ್ಕಿತು.

ಶಿಡ್ಲಘಟ್ಟದಲ್ಲಿ ಕೂಸುಗಳಿಗೂ ಗೊತ್ತಿರುವ ಸಂಗತಿ ಅದು. ಮರದ ವಿಷಯದಲ್ಲಿ ಊರಿಗೆ ಪಾಠ ಹೇಳಲು ಬಂದ ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಆರು ವಾರ ಆ ಒಟ್ಟಿಲು, ದುಂಬಿಗೆ ಬೇಕಾದಂಥದೇ ಮರದ ನೆರಳಲ್ಲಿ, ಅದರ ಬುಡಕ್ಕೇ ಒರಗಿಕೊಂಡು ಒಣಗುತ್ತಿತ್ತು.

ನಾನು ಕೂತು ಮರದ ಬುಡವನ್ನು ಕೈಯಿಂದ ಸವರಿದೆ. ನಾಲ್ಕು ತೂತು ಸಿಕ್ಕವು.

ಅವತ್ತೇ ಸೌದೆಯನ್ನು ಬಿಸಿಲಿರುವ ಮೂಲೆಗೆ ಎಳೆದೆವು. ಕೊಂಬೆ ಚೂರು ಮಾಡುವ ಯಂತ್ರ ಚಿಂತಾಮಣಿ ಕಡೆಯ ಒಂದು ತೋಟದಿಂದ ಬರಲು ಎರಡು ದಿನ ಹಿಡಿಯಿತು. ಅಲ್ಲಿಯವರೆಗೆ ಟಾರ್ಪಾಲು ಸುತ್ತಿ ಕಾದೆವು. ಎಲ್ಲವನ್ನೂ ಬೆರಳಗಲಕ್ಕಿಂತ ಸಣ್ಣ ಚೂರು ಮಾಡಿ, ರಾಶಿ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚನ್ನು ಸುತ್ತಲೂ ಮಣ್ಣಲ್ಲಿ ಹೂತೆವು. ಒಳಗಿನ ಶಾಖಕ್ಕೆ ದುಂಬಿ ಸಾಯಬೇಕು. ಆದರೆ ಮಳೆಗಾಲದ ಬಿಸಿಲು ಎಂಥದು? ಬೆಳಗ್ಗೆ ಪ್ಲಾಸ್ಟಿಕ್ಕಿನ ಒಳಗಡೆ ಹನಿ ಕಟ್ಟುತ್ತಿತ್ತು, ಮಧ್ಯಾಹ್ನ ಉಬ್ಬುತ್ತಿತ್ತು, ಸಂಜೆ ಕುಗ್ಗುತ್ತಿತ್ತು. ದೂರದಿಂದ ನೋಡಿದರೆ ಅದರೊಳಗೆ ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ. ಹೆಂಗಸರು ಊಟದ ಡಬ್ಬಿ ಹಿಡಿದು ಆ ಮೂಲೆಗೆ ಬೆನ್ನು ಮಾಡಿ ಕೂರತೊಡಗಿದರು.

“ಹೆಣ ಇಟ್ಟಂಗೆ ಇಟ್ಟಿದ್ದೀರಲ್ಲ ಮೇಡಂ, ಮುದ್ದೆ ಗಂಟಲಲ್ಲಿ ಇಳಿಯಲ್ಲ,” ಎಂದಳು ಒಬ್ಬಳು.

ತಜ್ಞರಿಗೆ ಫೋನ್ ಮಾಡಿ, ಸುಟ್ಟಿಲ್ಲ ಎಂದು ಹೇಳಿದೆ. “ಫಾರಂ ವಾಪಸ್ ಕಳಿಸ್ತೀನಿ. ನೀವೇ ಹೊಡೆದುಹಾಕಿ, ಸರಿಯಾದ್ದು ಬರೆದು, ಪಕ್ಕದಲ್ಲಿ ಸಹಿ ಮಾಡಿ,” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಮುಂದಿನದನ್ನು ಹೇಳಿಕೊಟ್ಟರು: ಈ ಮರದ್ದೂ ಒಂದು ತುಂಡು ಕಳಿಸಿ. ವಾರಕ್ಕೊಮ್ಮೆ ತೂತು ಎಣಿಸಿ. ಹಳೆಯದಕ್ಕೆ ಬಣ್ಣದ ಸುತ್ತು ಹಾಕಿ, ಹೊಸದು ತಾನಾಗಿ ಗೊತ್ತಾಗುತ್ತೆ. ಕಾಂಡಕ್ಕೆ ಔಷಧಿ ಚುಚ್ಚುವುದುಂಟು, ಆದರೆ ಇಷ್ಟು ದೊಡ್ಡ ಮರದಲ್ಲಿ ಅದನ್ನು ನಂಬಬೇಡಿ. ತೂತು ಕಾಂಡದ ಮೇಲಕ್ಕೆ ಹೋದರೆ ಮರ ಉಳಿಯುವುದಿಲ್ಲ, ಅದರಿಂದ ಹಾರುವ ದುಂಬಿ ಊರನ್ನೂ ಬಿಡುವುದಿಲ್ಲ. ಖಾಸಗಿ ಅಂಗಳದ ಮರ. ಯಜಮಾನರು ಒಪ್ಪದೆ ಕಡಿಯುವ ಹಾಗಿಲ್ಲ.

ಮೊದಲ ವಾರ ನಾಲ್ಕಕ್ಕೂ ಕೆಂಪು ಸುತ್ತು ಹಾಕಿದೆ. ಎರಡನೆಯ ವಾರ ಹಳದಿ ಬಣ್ಣ, ಒಂಬತ್ತು ಹೊಸವು. ಮೂರನೆಯ ವಾರ ನೀಲಿ. ಭಾಯಿ ಹಗ್ಗ ಹಾಕಿ ಮೊದಲ ಕವಲಿನವರೆಗೆ ಹೋಗಿ, ಅಲ್ಲಿಂದ ಕೂಗಿ ಹೇಳುತ್ತಿದ್ದರು. “ಇಲ್ಲೊಂದು. ಇಲ್ಲೆರಡು.” ಪ್ರತಿ ಸಲ ಅವರ ದನಿ ಸ್ವಲ್ಪ ಮೇಲಿನಿಂದ ಬರುತ್ತಿತ್ತು.

ಆ ದಿನಗಳಲ್ಲಿ ನನಗೆ ಕಂಡದ್ದೆಲ್ಲ ತೂತೇ. ಬಸ್ಸಿನ ಸೀಟಿನ ರೆಕ್ಸಿನ್‌ನಲ್ಲಿ, ಕಾವಲಿ ಮೇಲೆ ಬೇಯುವ ದೋಸೆಯಲ್ಲಿ, ಎದುರಿಗೆ ಕೂತವರ ಅಂಗಿಯ ಗುಂಡಿಯಲ್ಲಿ. ದುಂಬಿ ಕೊರೆಯುವ ಸದ್ದು ಮನುಷ್ಯರ ಕಿವಿಗೆ ಕೇಳುವುದಿಲ್ಲ. ಅದು ನನಗೂ ಗೊತ್ತು. ಆದರೂ ಯಾರೂ ನೋಡದಾಗ ಮರಕ್ಕೆ ಕಿವಿ ಆನಿಸುತ್ತಿದ್ದೆ. ತೊಗಟೆ ಬೆಚ್ಚಗಿರುತ್ತಿತ್ತು. ಒಳಗೆ ಏನೂ ಇಲ್ಲ. ಆ ಏನೂ ಇಲ್ಲದ ಸದ್ದೇ ಮನೆಯವರೆಗೂ ಜೊತೆಗೆ ಬರುತ್ತಿತ್ತು.

ಮಳೆಮರದ ಎಲೆ ಸಂಜೆಗೆ ಮಡಚಿಕೊಳ್ಳುತ್ತದಲ್ಲ. ಆರನೆಯ ವಾರ ಹೋದಾಗ ಇನ್ನೂ ಮಧ್ಯಾಹ್ನ ಹನ್ನೆರಡು. ಮರವೆಲ್ಲ ಬಿಚ್ಚಿಕೊಂಡು ನಿಂತಿದೆ. ಷೆಡ್ಡಿನ ಮೇಲೆ ಬಾಗಿದ ಒಂದು ದೊಡ್ಡ ಕೊಂಬೆ ಮಾತ್ರ ಎಲೆ ಮಡಚಿಕೊಂಡಿದೆ. ಅದರ ಪಾಲಿಗೆ ಆಗಲೇ ಕತ್ತಲಾದ ಹಾಗೆ. ಭಾಯಿ ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು.

“ಇನ್ನು ಕೇಳಲೇಬೇಕು ಮೇಡಂ, ಅಮ್ಮನ್ನ.”

“ಹೆಂಗೆ ಕೇಳೋದು ಭಾಯಿ?”

ಅವರು ದನಿ ತಗ್ಗಿಸಿದರು. “ಅಲ್ಲಾ, ದಿನಾ ಎಲ್ಲೆಲ್ಲಿಂದಲೋ ಸೌದೆ ಲಾರಿ ಬರ್ತವೆ. ಯಾವುದರಲ್ಲೋ ಬಂತು ಅನ್ನಿ. ಸುಳ್ಳು ಅಂತ ಹೇಳೋಕೆ ಯಾರಿಗೂ ಆಗಲ್ಲ. ನಿಮಗೂ ಕೆಲಸ ಇದೆ, ಮಕ್ಕಳಿದ್ದಾರೆ.”

ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಸುಲಭವೂ ಆಗಿತ್ತು. ಬೀದಿಯ ಮರಕ್ಕೂ ದುಂಬಿ ಎಲ್ಲಿಂದಲೋ ತಾನೇ ಬಂದದ್ದು? ಬಾವಿಕಟ್ಟೆಯ ಮೇಲೆ ಕೂತು ಆ ಮಾತನ್ನು ಮನಸ್ಸಿನಲ್ಲೇ ಜೋಡಿಸಿ ನೋಡಿದೆ. ಎಲ್ಲೂ ತೊಡರಲಿಲ್ಲ, ಸಲೀಸಾಗಿ ಬಂತು. ಆ ಸಲೀಸಿಗೇ ಹೆದರಿಕೆಯಾಯಿತು. ಕಡೆಯ ಸಾಲನ್ನು ಬರೆದಾಗಲೂ ಹೀಗೇ ಕೈ ತಡೆದಿರಲಿಲ್ಲ. ಎದ್ದು ಷೆಡ್ಡಿಗೆ ಹೋದೆ.

ಊಟದ ಹೊತ್ತು. ರಾಟೆಗಳು ನಿಂತಿದ್ದವು. ಅಮ್ಮ ತಟ್ಟೆ ಕೆಳಗಿಟ್ಟು ಕೇಳಿಸಿಕೊಂಡರು. ಬೀದಿಯ ಮರದಲ್ಲಿ ತೂತು ನೋಡಿದ್ದು, ಗೊತ್ತಿದ್ದೂ ಕೊಂಬೆಯನ್ನು ಟ್ರ್ಯಾಕ್ಟರ್‌ಗೆ ಬಿಟ್ಟದ್ದು, ನೋಡದೆಯೇ ಸುಟ್ಟಾಯಿತೆಂದು ಬರೆದದ್ದು, ಅದೇ ಕೊಂಬೆಯಿಂದ ಈ ಮರಕ್ಕೆ ಬಂದದ್ದು, ಎಲ್ಲವನ್ನೂ ಹೇಳಿದೆ. ಮರ ಉಳಿಯುವುದಿಲ್ಲ ಅಂತಲೂ ಹೇಳಿದೆ.



“ನಾನೇ ಟ್ರ್ಯಾಕ್ಟರ್ ಕಳಿಸಿದ್ದು,” ಎಂದರು ಅಮ್ಮ.

“ನಾನು ಬಿಡಬಾರದಾಗಿತ್ತು.”

“ಹೌದು. ನೀನು ಬಿಡಬಾರದಾಗಿತ್ತು.” ಇಷ್ಟು ದಿನ ನೀವು ಎನ್ನುತ್ತಿದ್ದವರು. “ನಾನು ಓದಿಲ್ಲ. ಸೌದೆ ಕಂಡ್ರೆ ಸೌದೆ ಅಂತೀನಿ. ನೀನು ತೂತು ನೋಡಿದ್ದೆ.”

ಅಮ್ಮ ಕೈಯೆತ್ತಿ ಮೇಲಿನ ತಗಡು ತೋರಿಸಿದರು.

“ಈ ತಗಡಿನ ಕೆಳಗೆ ಆರು ಒಲೆ ಉರೀತವೆ ಕಣಮ್ಮ. ಮೇಲೆ ಮರ ಐತೆ ಅಂತ ಇವರು ಕೂರ್ತಾರೆ. ಮರ ಹೋದ್ರೆ ಯಾರು ಕೂರ್ತಾರೆ?” ಎಂದು ಆರು ಮುಖಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ನನ್ನತ್ತ ತಿರುಗಿದರು. “ಬಿಟ್ರೆ ಏನಾಗುತ್ತೆ?”

“ಮರ ಹೆಂಗೂ ಹೋಗುತ್ತೆ. ಅಕ್ಕಪಕ್ಕದ ಮರಗಳಿಗೂ ಹೋಗುತ್ತೆ. ಶಾಲೆ ಹತ್ರದ್ದು, ಗೂಡಿನ ಮಾರ್ಕೆಟ್ ಕಡೆಯದ್ದು.”

“ಪರೀಕ್ಷೆ ಬಂತಾ?”

“ಇನ್ನೂ ಇಲ್ಲ. ಬರೋತನಕ ಕಾಯ್ತೀವಿ ಅಂದ್ರೂ ನಾನು ಬೇಡ ಅನ್ನೋ ಹಂಗಿಲ್ಲ. ಮರ ನಿಮ್ಮದು. ಆದ್ರೆ ನನ್ನ ಕೇಳಿದ್ರೆ, ಕಾಯೋದು ಬೇಡ.”

ಅಮ್ಮ ತಟ್ಟೆಯಲ್ಲೇ ಕೈ ತೊಳೆದರು. “ಸರೇ. ಸೋಮವಾರ ಗೂಡು ತರಲ್ಲ. ಅವತ್ತು ಮಾಡ್ಕೊಳ್ಳಿ.”

ಸೋಮವಾರ ಬೆಳಗ್ಗೆ ಭಾಯಿ ಹತ್ತುವ ಮುಂಚೆ ಮರ ಮುಟ್ಟಿ, ಕಣ್ಣುಮುಚ್ಚಿ ಏನೋ ಹೇಳಿಕೊಂಡರು. ಮೇಲಿನಿಂದ ಕೆಳಕ್ಕೆ, ಒಂದೊಂದೇ ಕೊಂಬೆಗೆ ಹಗ್ಗ ಕಟ್ಟಿ ಇಳಿಸಿದೆವು. ಬಿದ್ದ ರಭಸಕ್ಕೆ ದುಂಬಿ ಚೆದುರಬಾರದೆಂದು ಕೆಳಗೆಲ್ಲ ಟಾರ್ಪಾಲು. ಒಂದು ಚೂರೂ ಅಂಗಳ ದಾಟಲಿಲ್ಲ. ಗೇಟಿನಲ್ಲಿ ಅವತ್ತು ನಾನೇ ನಿಂತಿದ್ದೆ. ಇಬ್ಬರು ರೀಲರ್‌ಗಳು ಟ್ರ್ಯಾಕ್ಟರ್ ತಂದು, ಕಾರಣ ಕೇಳಿ, ಗೊಣಗುತ್ತ ವಾಪಸ್ ಹೋದರು. ಕಾಂಡ ಕುಯ್ದಾಗ ಒಳಗೆ ಕಂದು ಬಣ್ಣದ ಕಲೆ, ಶಾಯಿ ಚೆಲ್ಲಿದ ಹಾಗೆ ನಡುವಿನವರೆಗೂ ಇಳಿದಿತ್ತು. ಮರ ಬಿದ್ದ ಮೇಲೆ ಅಂಗಳಕ್ಕೆ ಬಿಸಿಲು ಒಮ್ಮೆಲೇ ಬಂತು. ಗೋಡೆಯ ಬಿರುಕು, ತಗಡಿನ ತುಕ್ಕು, ಅಮ್ಮನ ತಲೆಯ ನರೆ, ಅಲ್ಲಿಯವರೆಗೆ ಕಂಡೇ ಇರದಿದ್ದದ್ದೆಲ್ಲ ಕಂಡಿತು. ಹೆಂಗಸರು ಸೆರಗು ಹಣೆಗೆ ಎಳೆದುಕೊಂಡು ಷೆಡ್ಡಿನ ಬಾಗಿಲಲ್ಲಿ ನಿಂತೇ ಇದ್ದರು.

ಮರ ಕಡಿದ ಹತ್ತೊಂಬತ್ತು ದಿನಕ್ಕೆ ಫಲಿತಾಂಶ ಬಂತು. ಬೀದಿಯ ಕೊಂಬೆಯದೂ ಅಂಗಳದ ಮರದ್ದೂ ಒಂದೇ ದುಂಬಿ, ಹೊರಗಿನದೇ. ಕಡಿದದ್ದು ಸರಿಯಾಯಿತು ಎಂದು ತಜ್ಞರು ಹೇಳಿದರು. ಬೀದಿಯ ಮರವನ್ನೂ ತೆಗೆದೆವು. ಸುತ್ತಲಿನ ಬಾಟಲಿಗಳನ್ನು ಆಮೇಲೆ ಪ್ರತಿ ವಾರ ಸೋಸಿ ನೋಡಿದ್ದೇವೆ: ನೊಣ, ಇರುವೆ, ನಮ್ಮ ನೆಲದ ಕೊರಕಗಳು. ಅದು ಮತ್ತೆ ಸಿಕ್ಕಿಲ್ಲ. ಸಿಕ್ಕಿಲ್ಲವೆಂದರೆ ಇಲ್ಲವೆಂದಲ್ಲ. ಈಗ ನಾಲ್ಕೂ ಊರಲ್ಲಿ ಕಡಿದ ಕೊಂಬೆ ಕಡಿದಲ್ಲೇ ಚೂರಾಗುತ್ತದೆ, ನಾನು ಮುಂದೆ ನಿಂತು ನೋಡದೆ ಏನನ್ನೂ ಬರೆಯುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ, ಬಿಸಿಲು ಏರಿದ ಒಂದು ಮಧ್ಯಾಹ್ನ, ಆ ಅಂಗಳಕ್ಕೆ ಹೋದೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ್ದರು, ಸಾಲುತ್ತಿರಲಿಲ್ಲ. ಆರು ತೊಟ್ಟಿಗಳಲ್ಲಿ ನಾಲ್ಕು ನಡೆಯುತ್ತಿದ್ದವು. ಮುದ್ದೆ ಇಳಿಯಲ್ಲ ಎಂದಿದ್ದವಳ ಜಾಗ ಖಾಲಿ. ಅವಳೂ ಇನ್ನೊಬ್ಬಳೂ ಬಟ್ಟೆ ಕಾರ್ಖಾನೆಗೆ ಸೇರಿದ್ದರಂತೆ.

“ನೆರಳಿನ ಸಸಿ ತಂದುಕೊಡ್ತೀನಿ ಅಮ್ಮ. ಬೇರೆ ಜಾತಿದು, ಬೇಗ ಬರುತ್ತೆ.”

“ತಾ. ನೆಡ್ತೀನಿ,” ಎಂದರು ತಲೆಯೆತ್ತದೆ. “ನನ್ನ ಸೊಸೆ ಕಾಲಕ್ಕೆ ನೆರಳಾಗುತ್ತೆ.”

ಆಮೇಲೆ ಖಾಲಿ ತೊಟ್ಟಿಗೆ ಬಿಸಿನೀರು ಸುರಿದು, ಮುಷ್ಟಿ ತುಂಬ ಬೆಂದ ಗೂಡು ಹಾಕಿ, ಮಣೆಯನ್ನು ಕಾಲಿನಿಂದ ನನ್ನತ್ತ ದೂಡಿದರು.

“ಕೂತ್ಕೋ.”

ಕೂತೆ. ಮೇಲಿನಿಂದ ತಗಡು, ಎದುರಿಂದ ಒಲೆ. ಹತ್ತು ನಿಮಿಷಕ್ಕೆ ಕಣ್ಣಿಗೆ ಬೆವರಿಳಿದು ಎಳೆ ಕಾಣದಾಯಿತು. ಬೆರಳು ಸುಟ್ಟು ಹಿಂದಕ್ಕೆಳೆದುಕೊಂಡಾಗಲೆಲ್ಲ ದಾರ ತುಂಡಾಯಿತು. ಪಕ್ಕದವರು ಮಾತಾಡದೆ ಕೈ ಚಾಚಿ, ತುದಿ ಹುಡುಕಿ, ನನ್ನ ಬೆರಳಿಗೆ ಕೊಟ್ಟು ತಮ್ಮ ಕೆಲಸಕ್ಕೆ ತಿರುಗಿದರು. ಬಾಗಿಲಲ್ಲಿ ಭಾಯಿ ಒಮ್ಮೆ ಇಣುಕಿ, ನನ್ನನ್ನು ನೋಡಿ, ಸದ್ದಿಲ್ಲದೆ ಆಚೆ ಹೋದರು. ಎರಡು ಗಂಟೆಯಾಯಿತು, ಮೂರಾಯಿತು.

ಅಮ್ಮ ಏಳು ಎನ್ನಲಿಲ್ಲ. ನಾನೂ ಏಳಲಿಲ್ಲ.